ಲೈನ್ ಗಾಡಿ ಬಿಟ್ಟು ಊರ ಗಾಡಿ ಹತ್ತುವವರಿಗೆ

ನ್ಯಾಷನಲ್ ಪರ್ಮಿಟ್ ಗಾಡಿ ಓಡಿಸುವ ಗೆಳೆಯರು ಹುಬ್ಬಳ್ಳಿಗೆ ಬಂದಾಗಲೆಲ್ಲ ಕೇಳುವುದು ಒಂದೇ ಮಾತು: "ಲೋಕಲ್ ಗಾಡಿ ಹೆಂಗದ? ಲೈನ್ ಬಿಟ್ಟು ಬಂದುಬಿಡ್ಲಾ?" ನಾನೂ ಹಲವು ವರ್ಷ ಹತ್ತು ಚಕ್ರದ ಲಾರಿಗೆ ಬ್ಯಾಡಗಿ ಮೆಣಸಿನಕಾಯಿ, ಉಳ್ಳಾಗಡ್ಡಿ ಹೇರಿಕೊಂಡು ವಾಶಿಗೆ, ಅಹಮದಾಬಾದಿಗೆ, ಕೆಲವೊಮ್ಮೆ ದೆಹಲಿಯ ಆಜಾದ್‌ಪುರ ಮಂಡಿಯವರೆಗೂ ಹೋಗಿ, ಬರುವಾಗ ಮೋರ್ಬಿಯಿಂದ ಟೈಲ್ಸ್ ತುಂಬಿಕೊಂಡು ಬರುತ್ತಿದ್ದವನು. ಈಗ ತಾರಿಹಾಳದ ಗೋದಾಮಿನಿಂದ ಸಿಮೆಂಟು, ಪೈಪು, ಟೈಲ್ಸ್ ತುಂಬಿಕೊಂಡು ಹುಬ್ಬಳ್ಳಿ ಪೇಟೆಗೂ ಕುಂದಗೋಳ, ನವಲಗುಂದ, ಕಲಘಟಗಿ, ಶಿಗ್ಗಾವಿಯ ಅಂಗಡಿಗಳಿಗೂ ಆರು ಚಕ್ರದ ಗಾಡಿ ಓಡಿಸುತ್ತೇನೆ. ಚಹಾ ಕುಡಿಯುವಷ್ಟರಲ್ಲಿ ಹೇಳಿ ಮುಗಿಯದ ಮಾತುಗಳಿವು. ಬರೆದಿಟ್ಟರೆ ನಾಲ್ಕು ಜನಕ್ಕೆ ಉಪಯೋಗವಾದೀತು.

1. ಸಂಬಳ ಕೇಳುವ ಮೊದಲು ಮನೆಗೆ ಬಿಡುವ ಹೊತ್ತು ಕೇಳಿ

ಲೈನಿನಲ್ಲಿ ನಮ್ಮ ದುಡಿಮೆಯ ಅಳತೆ ಕಿಲೋಮೀಟರು. ಟ್ರಿಪ್ಪಿಗೆ ಇಷ್ಟು, ದಿನಕ್ಕೆ ಇಷ್ಟು ಬತ್ತ, ಡೀಸೆಲ್ ಆವರೇಜ್ ಚೆನ್ನಾಗಿ ಬಂದರೆ ಅದರ ಮೇಲೊಂದಿಷ್ಟು. ಊರ ಗಾಡಿಯಲ್ಲಿ ಮಾರುವುದು ನಮ್ಮ ಹೊತ್ತನ್ನು. ಇಲ್ಲಿ ದಿನವೊಂದಕ್ಕೆ ಎಂಬತ್ತು ಕಿಲೋಮೀಟರು ಓಡಿಸಿ ಹದಿಮೂರು ಗಂಟೆ ಗಾಡಿಗೆ ಅಂಟಿಕೊಂಡಿರುವ ಡ್ರೈವರುಗಳಿದ್ದಾರೆ. ಗೋದಾಮಿನಲ್ಲಿ ಬಿಲ್ಲು ಆಗುವವರೆಗೆ ಕಾಯಬೇಕು, ಹಮಾಲರು ಬರುವವರೆಗೆ ಕಾಯಬೇಕು, ಅಂಗಡಿಯವರು ಊಟ ಮುಗಿಸಿ ಶಟರ್ ಎತ್ತುವವರೆಗೂ ಕಾಯಬೇಕು. ಈ ಕಾಯುವಿಕೆಗೆ ಯಾರೂ ದುಡ್ಡು ಲೆಕ್ಕ ಹಾಕುವುದಿಲ್ಲ. ಲೈನಿನಲ್ಲಾದರೆ ಅನ್‌ಲೋಡ್ ತಡವಾದಾಗ ಹಾಲ್ಟಿಂಗ್ ಕೇಳುವ ರೂಢಿಯಾದರೂ ಇತ್ತು.

ಆದ್ದರಿಂದ ಸೇರುವ ದಿನವೇ ಮೂರು ಮಾತು ಬಾಯಿಬಿಟ್ಟು ಕೇಳಬೇಕು. ಬೆಳಿಗ್ಗೆ ಗಾಡಿ ಎಷ್ಟಕ್ಕೆ ಹೊರಡಬೇಕು? ಸಂಜೆ ಯಾವ ಹೊತ್ತಿನ ನಂತರ ಹೊಸ ಡೆಲಿವರಿ ಕೊಡುವುದಿಲ್ಲ? ಭಾನುವಾರ ಗಾಡಿ ತೆಗೆಸಿದರೆ ಏನು ಕೊಡುತ್ತೀರಿ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳಿತ್ತು. ದೂರದ ದಾರಿಗೆ 10 ಗಂಟೆ, ವಾರಕ್ಕೆ 54. ಐದು ಗಂಟೆ ಕೆಲಸವಾದ ಮೇಲೆ ಅರ್ಧ ಗಂಟೆ ಬಿಡುವು, ವಾರಕ್ಕೊಂದು ರಜೆ ಎಂದೂ ಅದರಲ್ಲಿತ್ತು. ಲೈನಿನಲ್ಲಿ ಇದನ್ನು ಕೇಳಲು ಮಾಲೀಕರು ಎದುರಿಗೇ ಇರುತ್ತಿರಲಿಲ್ಲ, ಫೋನಿನಲ್ಲಿ ಇರುತ್ತಿದ್ದರು. ಊರಿನಲ್ಲಿ ದಿನವೂ ಮುಖ ನೋಡುತ್ತಾರೆ. ಇಲ್ಲಿ ಕೇಳಬಹುದು, ಕೇಳಿದರೆ ಸಿಗುತ್ತದೆ. ಸಂಬಳದಲ್ಲಿ ಸಾವಿರ ರೂಪಾಯಿ ಕಡಿಮೆಯಾದರೂ ಸಂಜೆ ಏಳಕ್ಕೆ ಬಿಡುವ ಮಾಲೀಕರನ್ನೇ ಆರಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಲೈನ್ ಬಿಡುವುದು ಮನೆಗಾಗಿ. ರಾತ್ರಿ ಹತ್ತೂವರೆಗೆ ಬಂದು ಮಲಗಿ, ಮಕ್ಕಳು ಏಳುವ ಮೊದಲೇ ಹೊರಟರೆ ಮನೆಗೂ ಮೋರ್ಬಿಗೂ ಏನು ವ್ಯತ್ಯಾಸ?

2. ಬತ್ತ ಹೋಗುತ್ತದೆ, ರೇಷನ್ ಖರ್ಚು ಬರುತ್ತದೆ

ಎರಡೂ ಕೆಲಸದ ದುಡ್ಡನ್ನು ಹೋಲಿಸುವಾಗ ಬರೀ ಸಂಬಳ ನೋಡಬೇಡಿ. ಲೈನಿನಲ್ಲಿದ್ದಾಗ ನಮ್ಮ ಹೊಟ್ಟೆಯ ಖರ್ಚು ಬತ್ತದಲ್ಲಿ ನಡೆಯುತ್ತಿತ್ತು, ಉಳಿಸಿದವರಿಗೆ ಉಳಿಯುತ್ತಲೂ ಇತ್ತು. ಊರಿಗೆ ಬಂದ ಮೇಲೆ ಮನೆಯ ರೇಷನ್ನಿಗೆ ಒಂದು ತಲೆ ಹೆಚ್ಚು. ಅತ್ತ ಡಾಬಾ ಊಟ, ಸ್ನಾನಕ್ಕೆ ಕೊಡುತ್ತಿದ್ದ ಹತ್ತು ಇಪ್ಪತ್ತು, ಆರೋಗ್ಯ ಕೆಟ್ಟಾಗ ದಾರಿಯ ದವಾಖಾನೆಯಲ್ಲಿ ಸುರಿಯುತ್ತಿದ್ದ ಹಣ, ಇವೆಲ್ಲ ನಿಲ್ಲುತ್ತವೆ. ಕಾಗದ ತೆಗೆದುಕೊಂಡು ಎರಡು ಕಡೆಯ ಲೆಕ್ಕ ಬರೆಯಿರಿ. ಕೈಗೆ ಬರುವುದು ಕಡಿಮೆಯಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ದುಡ್ಡು ತಿಂಗಳಿಗೊಮ್ಮೆ ಗೊತ್ತಾದ ತಾರೀಖಿಗೆ ಬರುತ್ತದೆ. ಟ್ರಿಪ್ ಮುಗಿದಾಗ ಒಟ್ಟಿಗೆ ಬರುತ್ತಿದ್ದ ನೋಟು ಒಟ್ಟಿಗೇ ಖರ್ಚಾಗುತ್ತಿದ್ದದ್ದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಮುಂಗಡ ಮಾತ್ರ ಬೇಡ. ಸೇರುವಾಗ ಐವತ್ತು ಸಾವಿರ ಕೈಗಿಟ್ಟು ತಿಂಗಳು ತಿಂಗಳು ಮುರಿದುಕೊಳ್ಳುತ್ತೇವೆ ಎನ್ನುವವರ ಹತ್ತಿರ ಸಂಜೆ ಏಳಕ್ಕೆ ಬಿಡಿ ಎನ್ನುವ ಧೈರ್ಯ ಬರುವುದಿಲ್ಲ.

3. ಇಎಸ್‌ಐ ನಂಬರು ಕೇಳಿ ಪಡೆಯಿರಿ

ಒಂದು ಗಾಡಿ, ಎರಡು ಗಾಡಿ ಇಟ್ಟ ಮಾಲೀಕರ ಹತ್ತಿರ ಲೈನಿನಲ್ಲಿ ದುಡಿಯುವಾಗ ಇಎಸ್‌ಐ, ಪಿಎಫ್ ಎಂಬ ಮಾತೇ ಇರಲಿಲ್ಲ. ಊರಿನ ಡಿಪೋ, ಡಿಸ್ಟ್ರಿಬ್ಯೂಟರು, ಕಾರ್ಖಾನೆಗಳಲ್ಲಿ ಹತ್ತು ಜನಕ್ಕಿಂತ ಹೆಚ್ಚು ಕೆಲಸ ಮಾಡುತ್ತಾರೆ. ಅಂಥಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದವರಿಗೆ ಇಎಸ್‌ಐ ಬರಬೇಕು. ನಮ್ಮ ಸಂಬಳದಿಂದ ಮುರಿಯುವುದು ನೂರಕ್ಕೆ ಮುಕ್ಕಾಲು ರೂಪಾಯಿ, ಅವರು ಹಾಕುವುದು ಮೂರೂಕಾಲು. ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ಲೈನಿನಲ್ಲಿ ಸೊಂಟನೋವು, ಮೂಲವ್ಯಾಧಿ, ಸಕ್ಕರೆ ಕಾಯಿಲೆ ಸಂಪಾದಿಸಿಕೊಂಡು ಬಂದ ನಮ್ಮಂಥವರಿಗೆ ಇದು ಸಂಬಳದಷ್ಟೇ ದೊಡ್ಡ ವಿಷಯ.

ಇದರ ಹೊರಗೆ, ಖಾಸಗಿ ವಾಣಿಜ್ಯ ವಾಹನಗಳ ಚಾಲಕರು ಅಪಘಾತದಲ್ಲಿ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ಕೊಡುವ ಯೋಜನೆಯನ್ನು ಕರ್ನಾಟಕದ ಕಾರ್ಮಿಕ ಇಲಾಖೆ ನಡೆಸುತ್ತಿದೆ. ಲೈಸೆನ್ಸು ಚಾಲ್ತಿಯಲ್ಲಿರುವುದು ಮುಖ್ಯ. ಈ ಯೋಜನೆ ಇದೆಯೆಂಬುದು ಮನೆಯವರಿಗೆ ಗೊತ್ತಿರಬೇಕು. ನಮಗೆ ಗೊತ್ತಿದ್ದರೆ ಆ ಹೊತ್ತಿನಲ್ಲಿ ಪ್ರಯೋಜನವಿಲ್ಲ.

4. ಸಣ್ಣ ಗಾಡಿ ಹಗುರವೆಂದುಕೊಳ್ಳಬೇಡಿ

ಹತ್ತು ಚಕ್ರದ ಗಾಡಿಯನ್ನು ಖಂಬಾಟಕಿ ಘಾಟಿನಲ್ಲಿ ಇಳಿಸಿದವರಿಗೆ ಹದಿನಾಲ್ಕು ಅಡಿಯ ಗಾಡಿ ಯಾವ ಲೆಕ್ಕ ಎನ್ನಿಸುತ್ತದೆ. 2018ರ ಹೊಸ ತೂಕದ ಮಿತಿಯಂತೆ ಹತ್ತು ಚಕ್ರದ ಗಾಡಿ ಲೋಡು ಸೇರಿ ಇಪ್ಪತ್ತೆಂಟೂವರೆ ಟನ್‌ವರೆಗೆ ತೂಗಬಹುದು. ಅಷ್ಟನ್ನು ಹಿಡಿದು ನಿಲ್ಲಿಸಿದ ಕಾಲಿಗೆ ಸಣ್ಣ ಗಾಡಿಯ ಬ್ರೇಕು ಬೇರೆಯೇ ಆಟ. ಮೊದಲ ವಾರ ಖಾಲಿ ಗಾಡಿಯನ್ನು ಓಡಿಸಿ ನೋಡಿ, ಪೆಡಲ್ ಎಲ್ಲಿ ಹಿಡಿಯುತ್ತದೆ ಎಂದು ಕಾಲಿಗೆ ತಿಳಿಯಲಿ.

ನಿಜವಾದ ಕಷ್ಟ ಮುಂದೆ ಹೋಗುವುದರಲ್ಲಿ ಇಲ್ಲ, ರಿವರ್ಸಿನಲ್ಲಿದೆ. ಲೈನಿನಲ್ಲಿ ಒಂದು ತಿಂಗಳಿಗೆ ಹಾಕುವಷ್ಟು ರಿವರ್ಸ್ ಗೇರನ್ನು ಪೇಟೆಯಲ್ಲಿ ಒಂದು ದಿನಕ್ಕೆ ಹಾಕುತ್ತೇವೆ. ದಾಜಿಬಾನ ಪೇಟೆಯ ಗಲ್ಲಿಯೊಂದಕ್ಕೆ ಟೈಲ್ಸ್ ಇಳಿಸಲು ಹೋಗುವುದನ್ನೇ ತೆಗೆದುಕೊಳ್ಳಿ. ಎಡಗಡೆ ಗಟಾರ, ಅದರ ಮೇಲೆ ಕಲ್ಲಿನ ಚಪ್ಪಡಿ. ಮೋಟಾರ್ ಸೈಕಲ್ ನಿಂತಿದೆ ಎಂದರೆ ಚಪ್ಪಡಿ ಗಟ್ಟಿ ಎಂದಲ್ಲ. ಟೈಲ್ಸ್ ತುಂಬಿದ ಹಿಂದಿನ ಜೋಡಿ ಚಕ್ರ ಅದರ ಅಂಚಿಗೆ ಬಂದರೆ ಚಪ್ಪಡಿ ಮುರಿದು ಗಾಡಿ ಒಂದು ಮಗ್ಗುಲಿಗೆ ವಾಲುತ್ತದೆ, ಒಳಗಿನ ಪೆಟ್ಟಿಗೆಗಳೆಲ್ಲ ಆ ಕಡೆಗೇ ಸರಿಯುತ್ತವೆ. ಬಲಗಡೆ ಮೇಲೆ ಮನೆಗೆ ಎಳೆದ ಕರೆಂಟಿನ ತಂತಿ, ಜೋತುಬಿದ್ದಿರುತ್ತದೆ. ಮುಂದೆ ಹೊರಚಾಚಿದ ತಗಡಿನ ಮಾಡು. ಹಿಂದೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿ, "ಬಾ ಬಾ" ಎಂದು ಕೈ ಬೀಸುವ ಯಾವನೋ ಹುಡುಗ. ಆ ಹುಡುಗನ ಕೈ ನಂಬಿ ಗಾಡಿ ಹಿಂದೆ ತೆಗೆಯಬಾರದು. ಇಂಜಿನ್ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕಿ, ಇಳಿದು ಗಲ್ಲಿಯ ಕೊನೆತನಕ ನಡೆದು ಹೋಗಿ ನೋಡಿ ಬನ್ನಿ. ಚಪ್ಪಡಿಯನ್ನು ಕಾಲಿನಿಂದ ಒತ್ತಿ, ತಂತಿಯ ಎತ್ತರ ನೋಡಿ, ಅಜ್ಜಿಗೆ ಒಂದು ಮಾತು ಹೇಳಿ. ಹಿಂದೆ ಹಾರ್ನು ಹೊಡೆಯುವವರು ಹೊಡೆಯಲಿ. ಐದು ನಿಮಿಷದಲ್ಲಿ ಅವರ ಕೆಲಸವೇನೂ ಕೆಡುವುದಿಲ್ಲ.

ಕ್ಲೀನರ್ ಇಲ್ಲದ ಗಾಡಿಗೆ ಎಡಗಡೆಯೆಂದರೆ ಕುರುಡು. ಎಡಗನ್ನಡಿಯ ಕೆಳಗೆ ಇನ್ನೊಂದು ಗುಂಡು ಕನ್ನಡಿ ಹಾಕಿಸಿಕೊಡಿ ಎಂದು ಮೊದಲ ದಿನವೇ ಕೇಳಿ. ಖರ್ಚು ಬಹಳ ಕಡಿಮೆ, ಕೊಡದ ಮಾಲೀಕರನ್ನು ನಾನು ಕಂಡಿಲ್ಲ.

5. ಮನೆ ಹತ್ತಿರದ ರಸ್ತೆಯೇ ಹೆಚ್ಚು ಅಪಾಯ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಯಾಕೆಂದರೆ ಲೈನಿನಿಂದ ಬಂದವರು ಇದನ್ನೇ ಮೊದಲು ಮರೆಯುತ್ತಾರೆ. ಗೊತ್ತಿಲ್ಲದ ದಾರಿಯಲ್ಲಿ ಕಣ್ಣು ಎಚ್ಚರವಾಗಿರುತ್ತದೆ. ಗೊತ್ತಿದ್ದ ದಾರಿಯಲ್ಲಿ ಕೈ ತಾನಾಗಿ ತಿರುಗುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ.

ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ-ಧಾರವಾಡ ಬೈಪಾಸು ಲೈನ್ ಡ್ರೈವರುಗಳಿಗೆಲ್ಲ ಗೊತ್ತು. ಬೆಂಗಳೂರಿನಿಂದಲೂ ಪುಣೆಯಿಂದಲೂ ಅಗಲ ರಸ್ತೆಯಲ್ಲಿ ಬಂದ ಗಾಡಿಗಳು ಇಲ್ಲಿ ಬಂದು ಎರಡೇ ಲೇನಿನಲ್ಲಿ ಎದುರುಬದುರಾಗುತ್ತಿದ್ದವು. 2021ರ ಜನವರಿಯಲ್ಲಿ ಇಟ್ಟಿಗಟ್ಟಿ ಹತ್ತಿರ ಟಿಪ್ಪರಿಗೂ ಟೆಂಪೋ ಟ್ರಾವೆಲರಿಗೂ ಡಿಕ್ಕಿಯಾಗಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರು ಪ್ರಾಣ ಕಳೆದುಕೊಂಡರು. ಆಮೇಲೆ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಕೆಲಸ ನಡೆಯುವ ರಸ್ತೆಯೆಂದರೆ ದಿನಕ್ಕೊಂದು ತಿರುವು, ದಿನಕ್ಕೊಂದು ಮಣ್ಣಿನ ಗುಡ್ಡೆ. ನಿನ್ನೆ ಇದ್ದ ದಾರಿ ಇವತ್ತೂ ಇರುತ್ತದೆ ಎಂದು ನಂಬಿ ವೇಗ ಹಿಡಿಯಬಾರದು.

ಇನ್ನು ಹಳ್ಳಿಯ ರಸ್ತೆ. ಸುಗ್ಗಿಯ ಕಾಲದಲ್ಲಿ ಕುಂದಗೋಳ, ನವಲಗುಂದದ ಕಡೆ ರಸ್ತೆಯೇ ಕಣ. ಹೆಸರು, ಹುರುಳಿ, ಕಡಲೆ ಬಳ್ಳಿಯನ್ನು ಡಾಂಬರಿನ ಮೇಲೆ ಹರವುತ್ತಾರೆ, ನಮ್ಮ ಚಕ್ರಗಳೇ ಒಕ್ಕಣೆ ಮಾಡಲಿ ಎಂದು. ಒಣಗಿದ ಬಳ್ಳಿ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಬಿಸಿಯಾದ ಸೈಲೆನ್ಸರಿಗೆ ತಗುಲಿದರೆ ಹೊಗೆಯಾಡಲು ಶುರು. ಅಂಥ ಹಾಸು ದಾಟಿದ ಮೇಲೆ ಒಂದು ಕಿಲೋಮೀಟರಿನೊಳಗೆ ನಿಲ್ಲಿಸಿ, ಬಗ್ಗಿ ನೋಡಿ, ಕುಡುಗೋಲಿನಿಂದ ಕೊಯ್ದು ತೆಗೆಯಿರಿ. ಗಾಡಿಯಲ್ಲಿ ಕುಡುಗೋಲು, ಎರಡು ಕ್ಯಾನು ನೀರು, ಬೆಂಕಿ ಆರಿಸುವ ಸಿಲಿಂಡರು ಇರಲೇಬೇಕು. ಗೋವಿನಜೋಳ ಒಣಹಾಕಿದ ಕಡೆ ರಾಶಿಯ ಸುತ್ತ ದಪ್ಪ ಕಲ್ಲು ಇಟ್ಟಿರುತ್ತಾರೆ. ಕಾಳು ಚೀಲಕ್ಕೆ ತುಂಬಿಕೊಂಡು ಹೋದ ಮೇಲೂ ಕಲ್ಲು ಅಲ್ಲೇ ಉಳಿಯುತ್ತದೆ. ಸಂಜೆಗತ್ತಲಲ್ಲಿ ಕಪ್ಪು ರಸ್ತೆಯ ಮೇಲೆ ಕಪ್ಪು ಕಲ್ಲು ಕಾಣುವುದಿಲ್ಲ. ಬೈಕಿನವರ ಪಾಲಿಗೆ ಅದು ಸಾವು. ಕಂಡರೆ ಇಳಿದು ಪಕ್ಕಕ್ಕೆ ಸರಿಸಿ ಹೋಗಿ. ರೈತರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಕಣ ಮಾಡಿಕೊಳ್ಳಲು ಜಾಗವೇ ಉಳಿದಿಲ್ಲ. ಊರಿಗೊಂದು ಸಿಮೆಂಟಿನ ಒಕ್ಕಣೆ ಕಣ ಆದರೆ ಎರಡೂ ಕಡೆಯ ಜೀವ ಉಳಿಯುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ಕಡೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತವೆ. ಹಿಂದಿನ ಟ್ರೇಲರಿಗೆ ದೀಪ ಇರುವುದು ಅಪರೂಪ, ಇದ್ದರೂ ಜೋತಾಡುವ ಕಬ್ಬಿನ ತುದಿ ಅದನ್ನು ಮುಚ್ಚಿರುತ್ತದೆ. ಕತ್ತಲಾದ ಮೇಲೆ ಆ ದಾರಿಯಲ್ಲಿ ನಲವತ್ತು ದಾಟಿಸಬೇಡಿ.

6. ಹಮಾಲರ ಜೊತೆ ಮಾತು ಮೊದಲೇ ಆಗಲಿ

ಇಳಿಸುವ ಕೂಲಿ ಯಾರದು, ಯಾರು ಇಳಿಸುವವರು ಎನ್ನುವುದು ಚಲನ್ನಿನಲ್ಲಿ ಬರೆದಿರಬೇಕು. ಬರೆಯದಿದ್ದರೆ ಅಂಗಡಿಯವರು ಡ್ರೈವರನ್ನು ನೋಡುತ್ತಾರೆ, ಹಮಾಲರೂ ಡ್ರೈವರನ್ನೇ ನೋಡುತ್ತಾರೆ. "ಡ್ರೈವರ್ ಕಮ್ ಲೋಡರ್" ಎಂದು ಕರೆದು ಒಂದೇ ಸಂಬಳಕ್ಕೆ ಎರಡು ಕೆಲಸ ಮಾಡಿಸುವ ಕಡೆಗಳಿವೆ. ಸಿಮೆಂಟ್ ಚೀಲ ಐವತ್ತು ಕಿಲೋ. ವರ್ಷಗಟ್ಟಲೆ ಸೀಟಿನಲ್ಲಿ ಕುಳಿತ ಸೊಂಟ ಅದನ್ನು ದಿನವಿಡೀ ಹೊರುವುದಿಲ್ಲ. ಹೊರುವುದಿಲ್ಲ ಎಂದು ಸೇರುವಾಗಲೇ ಹೇಳಿ.

ಹಮಾಲರನ್ನು ಅಣ್ಣಾ ಎಂದು ಕರೆಯಿರಿ, ಅವರ ಊಟದ ಹೊತ್ತಿಗೆ ಗಾಡಿ ಹಚ್ಚಬೇಡಿ. ಯಾವ ಅಂಗಡಿಯವರು ಒಡೆದ ಟೈಲ್ಸನ್ನು ಡ್ರೈವರನ ತಲೆಗೆ ಕಟ್ಟುತ್ತಾರೆ, ಯಾವ ಗಲ್ಲಿಗೆ ಹನ್ನೊಂದರ ಮೇಲೆ ಗಾಡಿ ಹೋಗುವುದಿಲ್ಲ, ಎಲ್ಲ ಅವರಿಗೆ ಗೊತ್ತು. ಕೊನೆಗೆ ಇಳಿಸುವ ಮಾಲು ಮೊದಲು ಒಳಗೆ ಹೋಗಬೇಕು. ಇದನ್ನು ಗೋದಾಮಿನಲ್ಲಿ ನಿಂತು ನೀವೇ ನೋಡಿಕೊಂಡರೆ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ. ಆ ಒಂದು ಗಂಟೆ ಮನೆಯದು.

7. ನಿದ್ದೆ ತಾನಾಗಿ ಬರುವುದಿಲ್ಲ

ರಾತ್ರಿ ಓಡಿಸಿ ಹಗಲು ಮಲಗಿದ ಮೈಗೆ ಮನೆಯ ಹಾಸಿಗೆ ಸಿಕ್ಕ ತಕ್ಷಣ ನಿದ್ದೆ ಹತ್ತುವುದಿಲ್ಲ. ರಾತ್ರಿ ಎರಡಕ್ಕೆ ಕಣ್ಣು ಬಿಡುತ್ತದೆ, ಮಧ್ಯಾಹ್ನ ಎರಡಕ್ಕೆ ಸ್ಟೇರಿಂಗ್ ಮೇಲೆ ತೂಕಡಿಕೆ. ಕೆಲವು ತಿಂಗಳು ಹೀಗೇ ಇರುತ್ತದೆ, ಹೆದರಬೇಡಿ. ಸಂಜೆ ಆರರ ಮೇಲೆ ಚಹಾ ಬಿಡಿ. ಲೈನಿನಲ್ಲಿ ಎಚ್ಚರಕ್ಕೆಂದು ಬಾಯಿಗೆ ಹಾಕಿದ ಗುಟ್ಕಾ ಊರಿನಲ್ಲಿ ಯಾತಕ್ಕೂ ಬೇಡ, ಅದನ್ನು ಬಿಡಲು ಇದೇ ಒಳ್ಳೆಯ ಸಂದರ್ಭ. ಲೈನ್ ಬಿಟ್ಟ ಕೂಡಲೇ ನಸುಕಿನ ಹಾಲಿನ ಗಾಡಿಯನ್ನೋ ಪೇಪರಿನ ಗಾಡಿಯನ್ನೋ ಹಿಡಿಯಬೇಡಿ. ಮೈ ಹಗಲಿಗೆ ಹೊಂದಿಕೊಳ್ಳಲಿ.

8. ಗಾಡಿಯ ಆರೋಗ್ಯವೂ ಬದಲಾಗುತ್ತದೆ

ಹೆದ್ದಾರಿಯಲ್ಲಿ ಟೈರು ಸವೆದರೆ ಪೇಟೆಯಲ್ಲಿ ಕ್ಲಚ್ಚು ಸವೆಯುತ್ತದೆ. ಅರೆ ಕ್ಲಚ್ಚಿನಲ್ಲಿ ಗಾಡಿ ತೆವಳಿಸುವ ಅಭ್ಯಾಸ ಬಿಡಬೇಕು. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳಲ್ಲಿ ಇನ್ನೊಂದು ತೊಂದರೆ. ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಸ್ವಚ್ಛ ಮಾಡಿಕೊಳ್ಳಲು ಇಂಜಿನ್ ಚೆನ್ನಾಗಿ ಬಿಸಿಯಾಗಬೇಕು. ಎರಡು ಕಿಲೋಮೀಟರಿಗೊಮ್ಮೆ ನಿಲ್ಲಿಸುವ ಗಾಡಿಯಲ್ಲಿ ಅದು ಆಗುವುದಿಲ್ಲ, ದೀಪ ಹತ್ತುತ್ತದೆ, ಆಮೇಲೆ ಗಾಡಿ ಎಳೆಯುವುದನ್ನೇ ಬಿಡುತ್ತದೆ. ದೀಪ ಹತ್ತಿದ ದಿನವೇ ಬೈಪಾಸಿನಲ್ಲಿ ಅರ್ಧ ಗಂಟೆ ನಿಲ್ಲಿಸದೆ ಓಡಿಸಿಕೊಂಡು ಬನ್ನಿ. ಡೀಸೆಲ್ ಖರ್ಚಾಯಿತು ಎನ್ನುವ ಮಾಲೀಕರಿಗೆ ಮೊದಲೇ ತಿಳಿಸಿ ಹೇಳಿ.

9. ಮನೆಯೊಳಗೆ ನಾವೇ ಹೊಸಬರು

ನಾವು ಲೈನಿನಲ್ಲಿದ್ದಷ್ಟು ವರ್ಷ ಮನೆ ನಿಂತಿರಲಿಲ್ಲ, ನಡೆದಿತ್ತು. ಮಕ್ಕಳ ಶಾಲೆ, ಅತ್ತೆಯ ಔಷಧಿ, ಸಂಘದ ಸಾಲದ ಕಂತು, ಗ್ಯಾಸಿನ ಬುಕಿಂಗು, ಎಲ್ಲವನ್ನೂ ಹೆಂಡತಿ ಒಬ್ಬಳೇ ನಡೆಸಿದ್ದಾಳೆ, ಚೆನ್ನಾಗಿ ನಡೆಸಿದ್ದಾಳೆ. ದಿನವೂ ಮನೆಗೆ ಬರುತ್ತೇವೆಂದ ಮಾತ್ರಕ್ಕೆ ದುಡ್ಡಿನ ಡಬ್ಬಿಯ ಕೀಲಿ ಕೇಳಬಾರದು. ಹಾಲು ಯಾರ ಹತ್ತಿರ ಕೊಳ್ಳಬೇಕು, ಮಗಳು ಟ್ಯೂಷನ್ನಿಗೆ ಎಲ್ಲಿ ಹೋಗಬೇಕು ಎಂದು ತೀರ್ಪು ಕೊಡಲೂಬಾರದು. ಮೊದಮೊದಲು ಮಕ್ಕಳು ನಮ್ಮ ಎದುರಿಗೇ ಅವ್ವನ ಹತ್ತಿರ ಅಪ್ಪಣೆ ಕೇಳುತ್ತಾರೆ. ಕೇಳಲಿ ಬಿಡಿ. ನಾವು ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ: ಶನಿವಾರದ ಸಂತೆ, ಶಾಲೆಯ ಪಾಲಕರ ಸಭೆ, ತಂದೆಯನ್ನು ಕಣ್ಣಿನ ದವಾಖಾನೆಗೆ ಕರೆದೊಯ್ಯುವುದು. ವರ್ಷಾನುಗಟ್ಟಲೆ ಫೋನಿನಲ್ಲಿ ಮಾತ್ರ ಕೇಳಿದ ಮನೆಯ ಸದ್ದುಗಳ ನಡುವೆ ಸುಮ್ಮನೆ ಕೂತು ಊಟ ಮಾಡುವುದೂ ಒಂದು ಕೆಲಸವೇ.

10. ಯಾವ ಊರ ಗಾಡಿ ಯಾರಿಗೆ

ಜಲ್ಲಿ, ಮರಳಿನ ಟಿಪ್ಪರಿಗೆ ಹೋಗಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು ಕೊಡುವುದರಿಂದ ವೇಗ ತಾನಾಗಿ ಏರುತ್ತದೆ, ತೂಕವೂ ಏರುತ್ತದೆ. 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000. ಅದಕ್ಕಿಂತ ಹೆಚ್ಚಾಗಿ, ಹಳ್ಳಿಯ ಶಾಲೆಗಳ ಮುಂದೆ ಆ ಗಾಡಿಗಳು ಹೋಗುವ ರೀತಿ ನೋಡಿದರೆ ಹೊಟ್ಟೆ ತೊಳಸುತ್ತದೆ.

ವಯಸ್ಸಾದವರಿಗೆ, ತಾಳ್ಮೆ ಇದ್ದವರಿಗೆ ಶಾಲಾ ಬಸ್ಸು ಒಳ್ಳೆಯದು. ಭಾರೀ ವಾಹನ ಓಡಿಸಿದ ಐದು ವರ್ಷದ ಅನುಭವ ಬೇಕು, ಅದು ನಮ್ಮಲ್ಲಿದೆ. ಸ್ಪೀಡ್ ಗವರ್ನರ್ 40ಕ್ಕೆ ಕಟ್ಟಿರುತ್ತದೆ. ರಜೆಯ ದಿನಗಳಲ್ಲಿ ಪೂರ್ತಿ ಸಂಬಳ ಕೊಡುತ್ತಾರೋ ಇಲ್ಲವೋ ಕೇಳಿಕೊಳ್ಳಿ. ಸ್ವಂತ ಸಣ್ಣ ಗಾಡಿ ಕೊಂಡು ಆ್ಯಪಿನಲ್ಲಿ ಬಾಡಿಗೆ ಹೊಡೆಯುವುದಾದರೆ ಸಾಲ ಕಡಿಮೆ ಇದ್ದವರು ಮಾತ್ರ ಇಳಿಯಿರಿ. ಕಂತಿನ ಭಾರ ಹೆಚ್ಚಿದ್ದರೆ ಸಂಜೆ ಏಳು ಎಂಬುದು ಮತ್ತೆ ರಾತ್ರಿ ಹನ್ನೊಂದಾಗುತ್ತದೆ.

7,500 ಕಿಲೋವರೆಗಿನ ಗಾಡಿಗೆ ಎಲ್‌ಎಂವಿ ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಹಾಗೆಂದು ಹೆವಿ ಲೈಸೆನ್ಸನ್ನು ಲ್ಯಾಪ್ಸ್ ಆಗಲು ಬಿಡಬೇಡಿ. ಐದು ವರ್ಷಕ್ಕೊಮ್ಮೆ ರಿನೀವಲ್ ಮಾಡಿಸಿ ಇಟ್ಟುಕೊಳ್ಳಿ. ಬಸ್ಸು, ಟ್ಯಾಂಕರು, ಕಾಂಕ್ರೀಟ್ ಮಿಕ್ಸರು, ಎಲ್ಲ ಬಾಗಿಲೂ ಅದರಿಂದಲೇ ತೆರೆಯುವುದು.

11. ಲೈನ್ ಬಿಡುವ ದಿನ

ಗಾಡಿಯನ್ನು ದಾರಿಯಲ್ಲಿ ಬಿಟ್ಟು ಬರಬೇಡಿ, ಫೋನ್ ಸ್ವಿಚ್ ಆಫ್ ಮಾಡಬೇಡಿ. ಒಂದು ಟ್ರಿಪ್ ಮೊದಲೇ ತಿಳಿಸಿ, ಊರಿಗೆ ಬಂದು, ಟಾರ್ಪಾಲು, ಹಗ್ಗ, ಜಾಕು, ಸ್ಟೆಪ್ನಿ ಎಣಿಸಿ ಒಪ್ಪಿಸಿ, ಫಾಸ್ಟ್ಯಾಗಿನಲ್ಲಿ ಎಷ್ಟಿದೆ, ಮುಂಗಡ ಎಷ್ಟು ಬಾಕಿ ಎಂದು ಬರೆದು ಇಬ್ಬರೂ ಸಹಿ ಹಾಕಿ. ಮುಖ್ಯವಾಗಿ, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇಂಥ ಗಾಡಿ ಓಡಿಸಿದ್ದಾರೆ ಎಂದು ಟ್ರಾನ್ಸ್‌ಪೋರ್ಟಿನ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಶಾಲೆಯವರೂ ಕಂಪನಿಯವರೂ ಮೊದಲು ಕೇಳುವುದು ಅದನ್ನೇ. ಟ್ರಾನ್ಸ್‌ಪೋರ್ಟ್ ಆಫೀಸು ನಾಲ್ಕು ವರ್ಷದ ಮೇಲೆ ಅಲ್ಲೇ ಇರುತ್ತದೆ ಎನ್ನುವಂತಿಲ್ಲ. ಪತ್ರ ಕೈಗೆ ಬಂದ ಮೇಲೆ, ಸೇರಬೇಕೆಂದಿರುವ ಹೊಸ ಗಾಡಿಯ ಈಗಿನ ಡ್ರೈವರನ ಪಕ್ಕದ ಸೀಟಿನಲ್ಲಿ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಕೂತು ಬನ್ನಿ. ಆತ ಮನೆಗೆ ಎಷ್ಟು ಗಂಟೆಗೆ ಹೋಗುತ್ತಾನೆ ನೋಡಿ, ಆಮೇಲೆ ಮಾಲೀಕರ ಹತ್ತಿರ ಸಂಬಳದ ಮಾತು ಆಡಿ.